ಬೋರ್ ನೀರು ಮತ್ತು ಟೀ ಗಿಡ

ಕೇಳುಗರಿಗೆ ನಮಸ್ಕಾರ.

ಟೀ ರುಚಿ ಕೆಟ್ಟರೆ ನಾವು ಮೊದಲು ಬೈಯುವುದು ಟೀ ಪುಡಿಯನ್ನು. ಆಮೇಲೆ ಹಾಲಿನವನನ್ನು. ನೀರನ್ನು ಮಾತ್ರ ಯಾರೂ ಬೈಯುವುದಿಲ್ಲ, ಅಲ್ವಾ? ಇವತ್ತು ಅದರದ್ದೇ ಮಾತು. ಲೋಟದ ಟೀಗೂ ಕುಂಡದ ಟೀ ಗಿಡಕ್ಕೂ ಒಟ್ಟಿಗೆ ತೊಂದರೆ ಕೊಡುವುದು ಬೋರ್‌ವೆಲ್‌ನ ಗಡಸು ನೀರು.

ಬೋರ್ ನೀರಲ್ಲಿ ಹಾಲು ಹಾಕದ ಟೀ ಮಾಡಿ, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು ನೋಡಿ. ಮೇಲೆ ಕಂದು ಬಣ್ಣದ ತೆಳು ಪೊರೆ ಕಟ್ಟುತ್ತದೆ. ಬಣ್ಣ ಮಂಕಾಗುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಟೀಯ ಒಗರಿನ ಜೊತೆ ಸೇರಿ ಹೀಗಾಗುತ್ತದೆ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಪೊರೆ ಹೋಗಿ ಬಣ್ಣ ತಿಳಿಯಾಗುತ್ತದೆ. ನಿಂಬೆ ಬೇಡ ಅನ್ನುವವರು ನೀರನ್ನು ಮೊದಲೇ ಚೆನ್ನಾಗಿ ಕುದಿಸಿ, ಆರಲು ಬಿಡಿ. ತಳದಲ್ಲಿ ಬಿಳಿ ಗಸಿ ನಿಲ್ಲುತ್ತದೆ. ಮೇಲಿನ ನೀರನ್ನಷ್ಟೇ ಬಗ್ಗಿಸಿಕೊಳ್ಳಿ.

ಹಾಲಿನ ಟೀಗೆ ಗುಂಡುಗುಂಡಾದ ಸಿಟಿಸಿ ಪುಡಿಯೇ ಸರಿ. ದುಬಾರಿ ಎಲೆ ಟೀಯನ್ನು ಹಾಲಲ್ಲಿ ಕುದಿಸುವುದು ದುಡ್ಡು ದಂಡ. ಶುಂಠಿ ಹಾಕುವವರು ಅದನ್ನು ನೀರಿನಲ್ಲೇ ಕುದಿಸಿ, ಆಮೇಲೆ ಹಾಲು ಹಾಕಿ. ಹಸಿ ಶುಂಠಿಯಲ್ಲಿ ಹಾಲು ಒಡೆಸುವ ಗುಣ ಇದೆ. ಕುದಿ ಬಂದರೆ ಅದು ಹೋಗುತ್ತದೆ. ಗ್ರೀನ್ ಟೀ ಮಾತ್ರ ಕುದಿಸಲೇಬೇಡಿ. ನೀರು ಸುಮಾರು 80 ಡಿಗ್ರಿಗೆ ಇಳಿದ ಮೇಲೆ ಎಲೆ ಹಾಕಿ, ಎರಡು ನಿಮಿಷಕ್ಕೆ ಸೋಸಿ. ಕಹಿ ಅಂತ ದೂರುವವರೆಲ್ಲ ಅದನ್ನು ಕಷಾಯದ ಹಾಗೆ ಕುದಿಸಿದವರೇ!

ಇನ್ನು ಗಿಡ. ಟೀ ತೋಟ ಅಂದರೆ ಊಟಿ, ಮುನ್ನಾರ್ ನೆನಪಾಗುತ್ತದೆ. ನಮ್ಮ ಚಿಕ್ಕಮಗಳೂರಿನ ಕೆಳಗೂರಲ್ಲೂ ಟೀ ಬೆಳೆಯುತ್ತಾರೆ, ಕೊಡಗಿನಲ್ಲೂ ಇದೆ. ಕುಂಡದಲ್ಲೂ ಬರುತ್ತದೆ, ಆದರೆ ಗಿಡಕ್ಕೆ ಹುಳಿ ಮಣ್ಣು ಬೇಕು. ಮಣ್ಣಿನ ಹುಳಿ ಅಳೆಯುವ ಪಿಎಚ್ 4.5ರಿಂದ 5.5ರ ಒಳಗಿದ್ದರೆ ಸುಖವಾಗಿರುತ್ತದೆ. ಕೆಂಪು ಮಣ್ಣು, ಚೆನ್ನಾಗಿ ಕೊಳೆತ ಎಲೆಗೊಬ್ಬರ, ಸ್ವಲ್ಪ ತೊಳೆದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಸಾಕು. ನೀರು ನಿಲ್ಲಬಾರದು. ಬಯಲುಸೀಮೆಯಲ್ಲಿ ಮಧ್ಯಾಹ್ನದ ಬಿಸಿಲು ತಪ್ಪಿಸಿ.

ಎಲ್ಲ ಗಿಡಕ್ಕೂ ಹಾಕುವ ಹಾಗೆ ಇದಕ್ಕೂ ಒಲೆ ಬೂದಿ, ಮೊಟ್ಟೆ ಚಿಪ್ಪು ಹಾಕುವವರಿದ್ದಾರೆ. ಹಾಕಬೇಡಿ. ಎರಡೂ ಮಣ್ಣಿನ ಹುಳಿ ತೆಗೆಯುತ್ತವೆ. ಗಡಸು ನೀರು ಮಾಡುವುದೂ ಅದನ್ನೇ, ಆದರೆ ನಿಧಾನವಾಗಿ, ದಿನಾ ಒಂದಿಷ್ಟು. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಚಿಗುರೆಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಜನ ಗೊಬ್ಬರ ಕಡಿಮೆಯಾಯಿತು ಅಂತ ಇನ್ನಷ್ಟು ಸುರಿಯುತ್ತಾರೆ. ಬೇಕಾಗಿರುವುದು ಮಳೆ ನೀರು. ಮೊದಲ ಮಳೆ ಚಾವಣಿ ತೊಳೆದು ಹೋಗಲಿ, ಆಮೇಲಿನದನ್ನು ಡ್ರಮ್ಮಿನಲ್ಲಿ ಹಿಡಿದಿಡಿ. ಆರ್‌ಒ ನೀರೂ ಆಗುತ್ತದೆ. ಅಪಾರ್ಟ್‌ಮೆಂಟ್‌ನ ಸಾಫ್ಟ್‌ನರ್ ನೀರು ಮಾತ್ರ ಬೇಡ. ಉಪ್ಪು ಹಾಕುವ ಆ ಯಂತ್ರ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಮಣ್ಣಿಗೆ ಅದು ಇನ್ನೂ ಕೆಟ್ಟದ್ದು.

ಮೊದಲ ಎರಡು ವರ್ಷ ಎಲೆ ಕೀಳಲು ಆತುರ ಬೇಡ. ನಡುವಿನ ಕುಡಿ ಚಿವುಟುತ್ತಿರಿ, ಪಕ್ಕದ ಕವಲು ಒಡೆಯುತ್ತದೆ. ಸುಮ್ಮನೆ ಬಿಟ್ಟರೆ ಟೀ ಗಿಡ ಮರವೇ ಆಗುತ್ತದೆ, ಆದ್ದರಿಂದ ಸೊಂಟದೆತ್ತರಕ್ಕೆ ಸವರಿಕೊಳ್ಳಿ. ಎಲೆಯ ಮೇಲೆ ಕೆಂಪು ನುಸಿ ಬಂದರೆ ಎಲೆಯ ಮೇಲ್ಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ.

ಕೀಳುವುದು ಒಂದು ಮೊಗ್ಗು, ಎರಡು ಎಲೆ. ಗ್ರೀನ್ ಟೀ ಬೇಕಾದರೆ ಕಿತ್ತ ಕೂಡಲೇ ಒಂದು ನಿಮಿಷ ಹಬೆಯಲ್ಲಿಟ್ಟು, ಅಂಗೈಯಲ್ಲಿ ಹೊಸೆದು, ಸಣ್ಣ ಉರಿಯ ಬಾಣಲೆಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಕಪ್ಪು ಟೀಗೆ ಎಲೆಯನ್ನು ರಾತ್ರಿಯಿಡೀ ನೆರಳಲ್ಲಿ ಬಾಡಿಸಬೇಕು. ಬೆಳಿಗ್ಗೆ ರಸ ಬರುವ ಹಾಗೆ ಹೊಸೆದು, ಒದ್ದೆ ಬಟ್ಟೆ ಮುಚ್ಚಿ ಎರಡು-ಮೂರು ಗಂಟೆ ಬಿಡಿ. ತಾಮ್ರದ ಬಣ್ಣ ಬಂದು ಹಣ್ಣಿನ ವಾಸನೆ ಹೊಡೆದಾಗ ಒಣಗಿಸಿ. ನಾಲ್ಕೈದು ಕಿಲೋ ಹಸಿ ಎಲೆಗೆ ಸಿಗುವುದು ಒಂದು ಕಿಲೋ ಟೀ. ಹಾಗಾಗಿ ನಿಮ್ಮ ಕುಂಡದ ಒಂದು ಹಿಡಿ ಚಿಗುರಿಗೆ ಒಂದೆರಡು ಲೋಟ ಟೀ ಆದೀತು. ಅಂಗಡಿಯ ಪುಡಿ ತರುವುದನ್ನು ನಿಲ್ಲಿಸಬೇಡಿ.

ನಮಸ್ಕಾರ.