ಸಂಬಳವಿಲ್ಲದ ಸ್ಪರ್ಧೆ: ಸ್ಕಾಟ್ಲೆಂಡಿನ ಬಾರ್ಡರ್ ಲೀಗ್

ಮಾನ್ಯರೇ,

ಆಗ ಸಂಬಳವಿಲ್ಲದೆ ಆಡುತ್ತಿದ್ದ ರಗ್ಬಿ ಯೂನಿಯನ್ (ಹದಿನೈದು ಜನರ ರಗ್ಬಿ) ಆಟದ ಹಿರಿಯರ ಕಿವಿಗೆ ‘ಲೀಗ್’ (ಅಂಕಪಟ್ಟಿಯಿಟ್ಟು ನಡೆಸುವ ಸ್ಪರ್ಧೆ) ಎಂಬ ಪದ ಬಹುಕಾಲ ಅಪಶಕುನದಂತೆ ಕೇಳಿಸುತ್ತಿತ್ತು. ಅದಕ್ಕೆ ಕಾರಣವಿಲ್ಲದಿರಲಿಲ್ಲ. ಶನಿವಾರ ಕೆಲಸ ಬಿಟ್ಟು ಆಡಲು ಬರುವ ಗಣಿ ಮತ್ತು ಗಿರಣಿ ಕಾರ್ಮಿಕರಿಗೆ ಕಳೆದುಹೋದ ಕೂಲಿಯನ್ನು ತುಂಬಿಕೊಡಬೇಕೆಂಬ ವಾದ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬಲಗೊಂಡು, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ಮೂಲ ಸಂಸ್ಥೆಯಿಂದ ಸಿಡಿದು ಹೊರಬಂದವು. ಆ ಕವಲೇ ಮುಂದೆ ರಗ್ಬಿ ಲೀಗ್ ಎಂಬ ಬೇರೆ ಆಟವಾಯಿತು. ಸ್ಕಾಟ್ಲೆಂಡಿನ ಫುಟ್‌ಬಾಲಿನಲ್ಲಿಯೂ 1890ರಲ್ಲಿ ಲೀಗ್ ಆರಂಭವಾಗಿ, ಮೂರೇ ವರ್ಷಗಳಲ್ಲಿ ಆಟಗಾರರಿಗೆ ಸಂಬಳ ಕೊಡುವುದು ನಿಯಮಬದ್ಧವಾಗಿತ್ತು. ಅಂಕಪಟ್ಟಿ ಬಂದರೆ ಜನಜಂಗುಳಿ ಬರುತ್ತದೆ, ಜನ ಬಂದರೆ ದುಡ್ಡು, ದುಡ್ಡು ಬಂದರೆ ಆಟಗಾರರ ಖರೀದಿ; ಹವ್ಯಾಸಿ ಆಟದ ಕಾವಲುಗಾರರ ತರ್ಕ ಹೀಗಿತ್ತು.

ಇಂಥ ಹವೆಯಲ್ಲಿ, 1901ರಲ್ಲಿ, ಸ್ಕಾಟ್ಲೆಂಡಿನ ದಕ್ಷಿಣದಲ್ಲಿ ಇಂಗ್ಲೆಂಡಿಗೆ ತಾಗಿದ ಗಡಿನಾಡಿನ ಐದು ಕ್ಲಬ್ಬುಗಳು ಬಾರ್ಡರ್ ಲೀಗನ್ನು ಕಟ್ಟಿದವು. ಹಾಯಿಕ್, ಗಾಲಾ (ಗಲಾಶೀಲ್ಸ್ ಊರಿನ ಕ್ಲಬ್ಬು), ಮೆಲ್ರೋಸ್, ಜೆಡ್‌ಫಾರೆಸ್ಟ್, ಲ್ಯಾಂಗಮ್ ಎಂಬವೇ ಆ ಐದು. ಕೆಲ್ಸೊ ಮತ್ತು ಸೆಲ್ಕರ್ಕ್ 1912ರಲ್ಲಿ ಸೇರಿಕೊಂಡವು. ಜಗತ್ತಿನ ಅತ್ಯಂತ ಹಳೆಯ ರಗ್ಬಿ ಯೂನಿಯನ್ ಲೀಗ್ ಎಂದು ಇದನ್ನು ಪರಿಗಣಿಸುತ್ತಾರೆ. ನನಗೆ ಅದರ ವಯಸ್ಸಿಗಿಂತ ಕುತೂಹಲ ಹುಟ್ಟಿಸುವುದು ಬೇರೊಂದು ಸಂಗತಿ: ಹಿರಿಯರು ಹೆದರಿದ್ದಂತೆ ಇಲ್ಲಿ ಲೀಗಿನ ಬೆನ್ನಿಗೆ ಸಂಬಳ ಬರಲಿಲ್ಲ. ಏಕೆ ಬರಲಿಲ್ಲ ಎಂಬುದನ್ನೇ ಇವತ್ತು ನೋಡೋಣ.

ಮೊದಲನೆಯದಾಗಿ, ಇವು ಉಣ್ಣೆಯ ಊರುಗಳು. ಟ್ವೀಡ್, ಟೀವಿಯಟ್ ಮುಂತಾದ ನದಿಗಳ ದಂಡೆಯಲ್ಲಿ ನೇಯ್ಗೆ ಮತ್ತು ಹೆಣಿಗೆಯ ಗಿರಣಿಗಳನ್ನು ನೆಚ್ಚಿಕೊಂಡು ಬೆಳೆದ ಈ ಪೇಟೆಗಳ ಪೈಕಿ ದೊಡ್ಡದಾದ ಹಾಯಿಕ್‌ನಲ್ಲಿಯೂ ಆಗ 20,000 ಜನರಿರಲಿಲ್ಲ. ಎಡಿನ್‌ಬರೊದಲ್ಲಿ ರಗ್ಬಿ ಎಂದರೆ ಶುಲ್ಕ ಕೊಟ್ಟು ಕಲಿಯುವ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಕ್ಲಬ್ಬು. ಆ ಶಾಲೆಯಲ್ಲಿ ಓದದವನಿಗೆ ಅಲ್ಲಿ ಜಾಗವಿರಲಿಲ್ಲ. ಗಡಿನಾಡಿನಲ್ಲಾದರೋ ಮಗ್ಗದವನು, ರೈತ, ಬಡಗಿ, ಮೇಷ್ಟ್ರು ಎಲ್ಲರೂ ಒಂದೇ ಸ್ಕ್ರಮ್ಮಿನಲ್ಲಿ (ಚೆಂಡಿಗಾಗಿ ಎರಡೂ ತಂಡಗಳು ಗುಂಪುಗೂಡಿ ನೂಕುವಲ್ಲಿ) ಹೆಗಲು ಕೊಡುತ್ತಿದ್ದರು. ಇಂಗ್ಲೆಂಡಿನ ಉತ್ತರದಲ್ಲಿ ಆಟವನ್ನು ಒಡೆದದ್ದು ಯಾವ ವರ್ಗದವರ ಕೂಲಿಯ ಪ್ರಶ್ನೆಯೋ, ಅದೇ ವರ್ಗದವರು ಇಲ್ಲಿಯೂ ಇದ್ದರು ಎಂಬುದನ್ನು ಮರೆಯುವಂತಿಲ್ಲ; ಆದ್ದರಿಂದ ಸಂಬಳ ಬಾರದ್ದಕ್ಕೆ ಕಾರಣವನ್ನು ಬೇರೆಡೆಯೂ ಹುಡುಕಬೇಕು.

ಎರಡನೆಯದು, ಊರೂರುಗಳ ನಡುವಿನ ಹಟ. ಅದು ಲೀಗಿಗಿಂತ ಹಳೆಯದು. ಗಲಾಶೀಲ್ಸ್‌ನವರೂ ಮೆಲ್ರೋಸ್‌ನವರೂ ಮೊದಲು ಒಂದೇ ಕ್ಲಬ್ಬಿನಲ್ಲಿದ್ದು, 1877ರಲ್ಲಿ ಬೇರೆಯಾದಾಗ ಮೆಲ್ರೋಸ್‌ನವರು ರಾತ್ರೋರಾತ್ರಿ ಗೋಲ್‌ಕಂಬಗಳನ್ನು ಕಿತ್ತು ತಮ್ಮೂರಿಗೆ ಹೊತ್ತೊಯ್ದರಂತೆ. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಆದರೆ ಎರಡೂ ಊರಿನವರು ಅದನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. 1883ರಲ್ಲಿ ಮೆಲ್ರೋಸ್ ಕ್ಲಬ್ಬಿಗೆ ಹಣದ ಅಡಚಣೆ ಬಂದಾಗ, ಕಸಾಯಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನೆಡ್ ಹೇಗ್ ಸೂಚಿಸಿದ, ಹದಿನೈದರ ಬದಲು ಏಳು ಜನರ ತಂಡಗಳ ಆಟ ಅಲ್ಲಿ ಮೊದಲ ಬಾರಿಗೆ ನಡೆಯಿತು. ಅಂತಿಮ ಪಂದ್ಯದಲ್ಲಿ ಮೆಲ್ರೋಸ್ ಸೋಲಿಸಿದ್ದು ಮತ್ತೆ ಗಾಲಾವನ್ನೇ. ಈ ಹಟವೇ ಲೀಗಿನ ಬಂಡವಾಳವಾಗಿತ್ತು. ಹುಟ್ಟಿದ ಊರಿನ ಪರವಾಗಿ ಆಡುವವನನ್ನು ಪಕ್ಕದ ಊರಿನವರು ಕೊಂಡುಕೊಂಡರೆ ಆ ಗೆಲುವಿಗೆ ರುಚಿಯೇ ಇರುತ್ತಿರಲಿಲ್ಲ.

ಹಾಗೆಂದು ಹಣದ ಸೆಳೆತ ಇರಲಿಲ್ಲವೆಂದಲ್ಲ. ಗಡಿ ದಾಟಿ ಇಂಗ್ಲೆಂಡಿಗೆ ಹೋದರೆ ಸಂಬಳ ಕೊಡುವ ರಗ್ಬಿ ಲೀಗಿನ ಕ್ಲಬ್ಬುಗಳು ಕೈಬೀಸಿ ಕರೆಯುತ್ತಿದ್ದವು. ಹಾಯಿಕ್‌ನ ಡೇವ್ ವ್ಯಾಲೆಂಟೈನ್ 1947ರಲ್ಲಿ ಹಡರ್ಸ್‌ಫೀಲ್ಡಿಗೆ ಹೋಗಿ, 1954ರ ಮೊದಲ ರಗ್ಬಿ ಲೀಗ್ ವಿಶ್ವಕಪ್ಪನ್ನು ಬ್ರಿಟನ್ ತಂಡದ ನಾಯಕರಾಗಿ ಗೆದ್ದರು. ಹೀಗೆ ಹೋದವರಿಗೆ ಯೂನಿಯನ್ ಆಟದ ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು. ಸ್ಕಾಟ್ಲೆಂಡಿನ ಆಡಳಿತದ ನಿಷ್ಠುರತೆ ಎಷ್ಟೆಂದರೆ, ವೇಲ್ಸ್‌ನ ಆಟಗಾರ ಆರ್ಥರ್ ಗೌಲ್ಡ್‌ಗೆ ಅಭಿಮಾನಿಗಳು ಕಾಣಿಕೆ ನೀಡಿದ ವಿವಾದದಲ್ಲಿ 1897 ಮತ್ತು 1898ರಲ್ಲಿ ಸ್ಕಾಟ್ಲೆಂಡಿನವರು ವೇಲ್ಸ್ ವಿರುದ್ಧ ಆಡಲೇ ಇಲ್ಲ. ಗಾಲಾದ ಜಾಕ್ ವೀಮ್ಸ್ ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡು, 1920ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ದೇಶಕ್ಕಾಗಿ ಆಡಲು ನಿಂತಾಗ, 1914ರಲ್ಲಿಯೇ ಒಂದು ಜೆರ್ಸಿ ಕೊಟ್ಟಾಗಿದೆಯೆಂದು ಅಧಿಕಾರಿಗಳು ಹೊಸದನ್ನು ಕೊಡಲು ಒಪ್ಪಲಿಲ್ಲವೆಂದು ಹೇಳುತ್ತಾರೆ. ತತ್ವನಿಷ್ಠೆಯೂ ಜಿಪುಣತನವೂ ಎಲ್ಲಿ ಬೇರೆಯಾಗುತ್ತವೆಂದು ಇಲ್ಲಿ ಹೇಳುವುದು ಕಷ್ಟ. ಅದೇ ಯುದ್ಧದಲ್ಲಿ ಕೆಲ್ಸೊದ ವಾಲ್ಟರ್ ಫಾರೆಸ್ಟ್ ಗಾಜಾದಲ್ಲಿ, ಹಾಯಿಕ್‌ನ ವಾಲ್ಟರ್ ಸದರ್ಲೆಂಡ್ 1918ರ ಅಕ್ಟೋಬರಿನಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಇಬ್ಬರೂ ಸ್ಕಾಟ್ಲೆಂಡಿಗೆ ಆಡಿದವರು.

ದೇಶಮಟ್ಟದ ಲೀಗನ್ನು ಸ್ಕಾಟಿಷ್ ರಗ್ಬಿ ಯೂನಿಯನ್ ಆರಂಭಿಸಿದ್ದು 1973ರಲ್ಲಿ. ಅಲ್ಲಿಯವರೆಗೆ, ಅಂದರೆ ಏಳು ದಶಕಗಳ ಕಾಲ, ನಿಯತವಾದ ಅಂಕಪಟ್ಟಿಯ ಕೆಳಗೆ ಆಡಿ ಪಳಗಿದ್ದ ಗಡಿನಾಡಿನವರಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ. ಮೊದಲ ಐದು ಪ್ರಶಸ್ತಿಗಳನ್ನು ಹಾಯಿಕ್ ಒಂದೇ ಬೀಸಿನಲ್ಲಿ ಗೆದ್ದಿತು. 1974ರಿಂದ 1990ರವರೆಗಿನ 17 ಪ್ರಶಸ್ತಿಗಳಲ್ಲಿ 16 ಹಾಯಿಕ್, ಗಾಲಾ, ಕೆಲ್ಸೊ, ಮೆಲ್ರೋಸ್‌ಗಳ ಪಾಲಾದವು. 1984ರಲ್ಲಿ ಗ್ರ್ಯಾಂಡ್‌ಸ್ಲಾಮ್ ಸಾಧಿಸಿದ, ಅಂದರೆ ವಾರ್ಷಿಕ ರಾಷ್ಟ್ರಗಳ ಸ್ಪರ್ಧೆಯಲ್ಲಿ ಎಲ್ಲ ಪಂದ್ಯಗಳನ್ನೂ ಗೆದ್ದ, ಸ್ಕಾಟ್ಲೆಂಡ್ ತಂಡದಲ್ಲಿ ಆಟ ಕಟ್ಟುವ ಹಾಫ್‌ಬ್ಯಾಕ್ ಜೋಡಿಯ ಪೈಕಿ ಜಾನ್ ರುದರ್‌ಫರ್ಡ್ ಸೆಲ್ಕರ್ಕ್‌ನವರು, ಎಲೆಕ್ಟ್ರಿಷಿಯನ್ ಆಗಿದ್ದ ರಾಯ್ ಲೇಡ್ಲಾ ಜೆಡ್‌ಫಾರೆಸ್ಟ್‌ನವರು. 1990ರಲ್ಲಿ ಅದೇ ಸಾಧನೆ ಮಾಡಿದ ತಂಡದಲ್ಲಿದ್ದ ಕೆಲ್ಸೊದ ಜಾನ್ ಜೆಫ್ರಿ ರೈತರಾಗಿದ್ದರು. ದೇಶಕ್ಕೆ ಆಡಿದ ಮೇಲೂ ಇವರು ಮರಳಿ ತಮ್ಮ ದುಡಿಮೆಗೇ ಹೋಗಬೇಕಿತ್ತು.

1995ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ರಗ್ಬಿ ಮಂಡಳಿ ಸಂಬಳದ ಮೇಲಿದ್ದ ನಿಷೇಧವನ್ನು ತೆಗೆದುಹಾಕಿತು. ಗಡಿನಾಡಿನ ಊರುಗಳೆಲ್ಲ ಸೇರಿ ಒಂದೇ ವೃತ್ತಿಪರ ತಂಡವನ್ನು ಬೆಂಬಲಿಸಲಿ ಎಂಬ ಯೋಜನೆ ಬಂತು. ಪರಸ್ಪರ ಸೋಲಿಸುವುದನ್ನೇ ನೂರು ವರ್ಷ ಕಲಿತ ಜನರಿಗೆ ಇದು ಸುಲಭವಾಗಿರಲಿಲ್ಲವೆಂಬುದು ನನ್ನ ಅಭಿಪ್ರಾಯ. 1996ರಲ್ಲಿ ಹುಟ್ಟಿದ ಆ ತಂಡ 1998ರಲ್ಲಿ ಎಡಿನ್‌ಬರೊದೊಂದಿಗೆ ವಿಲೀನವಾಯಿತು, 2002ರಲ್ಲಿ ಮತ್ತೆ ತಲೆಯೆತ್ತಿತು, 2007ರಲ್ಲಿ ಮುಚ್ಚಿತು. ಅದು ಆಡುತ್ತಿದ್ದ ನೆದರ್‌ಡೇಲ್ ಮೈದಾನ ಗಾಲಾ ಕ್ಲಬ್ಬಿನದು; ಸಂಬಳದವರು ತೆರವು ಮಾಡಿದ ಮೇಲೆ ಅಲ್ಲಿ ಉಳಿದವರು ಮತ್ತೆ ಗಾಲಾದವರೇ, ಎದುರಾಳಿಗಳಾಗಿ ಬಂದವರು ಮತ್ತೆ ಮೆಲ್ರೋಸ್‌ನವರೇ.