ಗಾಯ ತೊಳೆದವರು ಯಾರು, ಅದನ್ನು ಹೇಳಿ ಮೊದಲು

ನಮಸ್ಕಾರ ಎಲ್ಲರಿಗೂ. ಇವತ್ತು ರಸ್ತೆ ಗುಂಡಿ ಬಗ್ಗೆ ಮಾತಾಡಬೇಕಿತ್ತು, ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಗುಂಡಿಗಳು ಎಲ್ಲಿಗೂ ಓಡಿಹೋಗಲ್ಲ ಬಿಡಿ. ಕಳೆದ ವಿಡಿಯೋದಲ್ಲಿ ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆ, ಕ್ರೈಸ್ತ ಸಂಸ್ಥೆಯವರು ನಡೆಸೋದು, ಅದರ ಹೆಸರು ಸುಮ್ನೆ ಒಂದು ಸಲ ಬಂತು. ಅದಕ್ಕೆ ಒಬ್ಬ ಮಹಾನುಭಾವರು ಕಾಮೆಂಟ್ ಹಾಕಿದ್ದಾರೆ: ‘ಸೇವೆ ಗೀವೆ ಎಲ್ಲ ನಾಟಕ, ಒಳಗಿನ ಲೆಕ್ಕಾಚಾರನೇ ಬೇರೆ.’ ಇನ್ನೂರು ಲೈಕು! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ನನ್ನದು ಒಂದೇ ಪ್ರಶ್ನೆ. ಗಾಯ ತೊಳೆದವರು ಯಾರು?

1880ರಲ್ಲಿ ಅಗಸ್ಟಸ್ ಮುಲ್ಲರ್ ಅನ್ನೋ ಜರ್ಮನ್ ಪಾದ್ರಿ ಕಂಕನಾಡಿಯ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧಿ ಕೊಡಲು ಶುರುಮಾಡಿದರು. ಹತ್ತು ವರ್ಷಕ್ಕೆ, 1890ರಲ್ಲಿ, ಕುಷ್ಠರೋಗಿಗಳಿಗೆ ಒಂದು ಆಸ್ಪತ್ರೆ ಆಯಿತು. ಆಗ ಕುಷ್ಠ ವಾಸಿಮಾಡುವ ಮಾತ್ರೆ ಇರಲಿಲ್ಲ. ಊರಿನವರು ಹೊರಗೆ ಹಾಕುತ್ತಿದ್ದರು, ಮನೆಯವರು ಬಾಗಿಲು ಹಾಕುತ್ತಿದ್ದರು, ಅಷ್ಟೇ ಚಿಕಿತ್ಸೆ. ‘ಹೋಮಿಯೋಪತಿ ಅಂದ್ರೆ ಸಕ್ಕರೆ ಗುಳಿಗೆ’ ಅಂತ ಇನ್ನೊಬ್ಬರು ಈಗಲೇ ಟೈಪ್ ಮಾಡುತ್ತಿದ್ದಾರೆ, ಗೊತ್ತು ನನಗೆ. ಸರಿ ಸ್ವಾಮಿ, ಸಕ್ಕರೆ ಗುಳಿಗೆಯೇ ಇರಲಿ. ಕೀವು ಒರೆಸೋಕೆ ಗುಳಿಗೆ ಸಾಕಾ? ಕೈ ಬೇಕು. ಯಾರ ಕೈ ಅದು?

ನನಗೆ ಇದು ಯಾಕಿಷ್ಟು ಅಂದ್ರೆ, ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿತ್ತು. ಸೇರಿಸಿದ್ದು ಸಿಸ್ಟರ್‌ಗಳು, ಅಂದ್ರೆ ಕ್ರೈಸ್ತ ಸನ್ಯಾಸಿನಿಯರು, ನಡೆಸುವ ಒಂದು ಸಣ್ಣ ಆಸ್ಪತ್ರೆಗೆ. ಬೆಳಿಗ್ಗೆ ವಯಸ್ಸಾದ ಸಿಸ್ಟರ್ ಒಬ್ಬರು ಬಂದು ಗಾಯಕ್ಕೆ ಕಟ್ಟಿದ್ದ ಹಳೇ ಬಟ್ಟೆಯ ಮೇಲೆ ಸಲೈನ್ ಹನಿಸಿ ಹನಿಸಿ, ಅದು ಚರ್ಮಕ್ಕೆ ಅಂಟಿದ್ದು ಬಿಡೋವರೆಗೆ ಕಾಯೋರು. ಎಳೆಯುತ್ತಿರಲಿಲ್ಲ. ‘ಅಜ್ಜ, ನಿನ್ನೆ ಮೀನು ಸಾರು ಮಾಡಿದ್ರಂತೆ ಮನೇಲಿ?’ ಅಂತ ಮಾತಾಡಿಸಿಕೊಂಡೇ ಬಿಚ್ಚೋರು. ಆ ವಾಸನೆಗೆ ನಾನು ಕಾರಿಡಾರಿಗೆ ಹೋಗಿ ನಿಂತಿದ್ದೆ, ಫೋನ್ ನೋಡ್ತಿದ್ದ ಹಾಗೆ ನಟಿಸುತ್ತಾ. ಸ್ವಂತ ಅಳಿಯ! ನಾಟಕ ಮಾಡಿದ್ದು ಯಾರು ಹಾಗಾದ್ರೆ?

‘ಈಗ ಬಿಲ್ ನೋಡಿದ್ದೀರಾ’ ಅಂತಾರೆ. ನೋಡಿದ್ದೇನೆ. ಎಕ್ಸ್-ರೇ ಮೆಷಿನ್ ಏನು ಪ್ರಾರ್ಥನೆಯಿಂದ ಓಡತ್ತಾ? ‘ಎಲ್ಲ ಮತಾಂತರಕ್ಕೆ’ ಅಂತಾರೆ. ನಮ್ಮ ಮಾವ ಮೂರು ವಾರ ಅಲ್ಲಿದ್ದು, ಹಣೆಗೆ ವಿಭೂತಿ ಹಚ್ಚಿಕೊಂಡೇ ಮನೆಗೆ ಬಂದರು. ಬದಲಾಗಿದ್ದು ಅಂದ್ರೆ ಟೀಗೆ ಸಕ್ಕರೆ ಬಿಟ್ಟಿದ್ದು ಮಾತ್ರ. ಅದೂ ಒಂದು ತಿಂಗಳು.

ಅಂದಹಾಗೆ ಇನ್ನೂ ಸಬ್‌ಸ್ಕ್ರೈಬ್ ಆಗದೆ ನೋಡ್ತಿರೋರು, ಬಯ್ಯೋಕಾದ್ರೂ ಸಬ್‌ಸ್ಕ್ರೈಬ್ ಆಗಿ ಬಯ್ಯಿರಿ. ಬಯ್ಯೋ ಕಾಮೆಂಟೂ ಲೆಕ್ಕಕ್ಕೆ ಬರತ್ತೆ ಅಂತ ಎಡಿಟಿಂಗ್ ಮಾಡೋ ಹುಡುಗ ಹೇಳಿದ್ದಾನೆ.

ಬೆಂಗಳೂರಿಗೇ ಬನ್ನಿ. ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದ್ದು, ಗುಡ್ ಶೆಫರ್ಡ್ ಸಿಸ್ಟರ್‌ಗಳು ಕಟ್ಟಿದ್ದು. ಸುಮನಹಳ್ಳಿ ಅಂತ ಬಸ್ ಕಂಡಕ್ಟರ್ ಕೂಗ್ತಾರಲ್ಲ, ಆ ಹೆಸರು ಕ್ರೈಸ್ತ ಸಂಸ್ಥೆಯ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರದ್ದು, ನೀವು ಫ್ಲೈಓವರ್ ಅಂದುಕೊಂಡಿದ್ರಿ. ಎಚ್‌ಐವಿ ಅಂದರೆ ತಟ್ಟೆ ಲೋಟ ಬೇರೆ ಇಡುತ್ತಿದ್ದ ಕಾಲದಲ್ಲಿ ಸರ್ಜಾಪುರ ರಸ್ತೆಯ ಸ್ನೇಹದಾನ ಅನ್ನೋ ಕ್ರೈಸ್ತ ಆರೈಕೆ ಕೇಂದ್ರದಲ್ಲಿ ಆ ರೋಗಿಗಳಿಗೆ ಹಾಸಿಗೆ ಇತ್ತು. ಯಾರು ಮುಟ್ಟಿದರು? ಯಾರು ಸ್ನಾನ ಮಾಡಿಸಿದರು? ಕಾಮೆಂಟ್ ಹಾಕಿದವರಾ?

ಇನ್ನೂ ನಾಲ್ಕು ಪಾಯಿಂಟ್ ಬರೆದಿದ್ದೆ, ಚೀಟಿ ಎಲ್ಲೋ ಹೋಯ್ತು. ಬೇಡ ಬಿಡಿ. ಗಾಯ ತೊಳೆದವರು ಯಾರು ಅಂತ ಹೇಳಿ ಅಷ್ಟೇ. ಆ ಇನ್ನೂರು ಲೈಕಿನ ಕಾಮೆಂಟನ್ನು ಪಿನ್ ಮಾಡಿದ್ದೇನೆ, ಹೋಗಿ ಉತ್ತರ ಕೊಡಿ, ಅಸಭ್ಯ ಪದ ಬೇಡ. ಮೇಲಿನ ಮನೆಯವರು ಮಿಕ್ಸಿ ಶುರುಮಾಡಿದರು, ಕೇಳಿಸ್ತಿದೆ ಅಲ್ವಾ? ಗುಂಡಿ ವಿಡಿಯೋ ಭಾನುವಾರ.