ಮಣ್ಣಿಗಿಳಿದ ಆರ್ಕಿಡ್

ಕೇಳುಗರೇ, ನಮಸ್ಕಾರ.

ಹೋದ ವರ್ಷ ಮಳೆಗಾಲದ ಮೊದಲಿಗೆ ನಮ್ಮ ಅತ್ತೆ ಕುಮಟಾದಿಂದ ಮುಂಬಯಿ ಹತ್ತಿರದ ಡೊಂಬಿವಿಲಿಯ ನಮ್ಮ ಮನೆಗೆ ಬಂದಿದ್ದರು. ಬಾಲ್ಕನಿಗೆ ಕಾಲಿಟ್ಟವರೇ, "ಇದೆಂತದು ಮಾರಾಯ್ತಿ, ಕುಂಡದಲ್ಲಿ ಅಡಿಕೆ ಸಸಿ ನೆಟ್ಟಿದ್ದೀಯಲ್ಲ?" ಎಂದು ಕೇಳಿದರು.

ತೋಟದಲ್ಲೇ ಬದುಕಿದವರ ಕಣ್ಣು ಅದು. ಸ್ಪಾಥೋಗ್ಲಾಟಿಸ್ ಪ್ಲಿಕೇಟಾ ಎಂಬ ಈ ನೆಲದ ಆರ್ಕಿಡ್‌ನ ಎಲೆ ಥೇಟ್ ಎಳೆ ಅಡಿಕೆ ಸಸಿಯ ಹಾಗೇ ಇರುತ್ತದೆ. ಬುಡದಿಂದ ತುದಿಯವರೆಗೂ ಸೀರೆಗೆ ಹಿಡಿದಂಥ ನಿರಿಗೆ. ಪ್ಲಿಕೇಟಾ ಅಂದರೆ ನಿರಿಗೆಯುಳ್ಳದ್ದು ಎಂದೇ ಅರ್ಥ. ನಾನು ಪಕ್ಕದಲ್ಲಿದ್ದ ಹೂವಿನ ದಂಟು ತೋರಿಸಿದೆ. ಎರಡಡಿ ಎತ್ತರದ ದಂಟಿನ ತುದಿಯಲ್ಲಿ ನೇರಳೆಗೆಂಪು ಹೂಗಳು, ನಡುವೆ ಸಣ್ಣ ಸೊಂಟದ, ನಾಲಿಗೆಯಂಥ ಎಸಳು, ಅದರ ಬುಡದಲ್ಲಿ ಹಳದಿ ಉಬ್ಬು. ಎಲ್ಲವೂ ಒಟ್ಟಿಗೆ ಅರಳುವುದಿಲ್ಲ. ಕೆಳಗಿನವು ಬಾಡಿದಂತೆ ಮೇಲಿನ ಮೊಗ್ಗು ಬಿಚ್ಚುತ್ತ, ಒಂದೇ ದಂಟು ವಾರಗಟ್ಟಲೆ ಹೂ ಕೊಡುತ್ತದೆ.

ಊರಲ್ಲಿ ಮರದ ಕೊಂಬೆಗೆ ಜೋತುಬಿದ್ದ ಸೀತಾಳೆ ದಂಡೆ ನೋಡಿ ಬೆಳೆದ ನಮಗೆ ಆರ್ಕಿಡ್ ಎಂದರೆ ಮರದ ಮೇಲಿನ ಗಿಡ. ಹಾಗೆಂದೇ ನನ್ನ ಮೊದಲ ಗಿಡವನ್ನು ಬರೀ ಇದ್ದಿಲು, ತೆಂಗಿನ ಸಿಪ್ಪೆಯಲ್ಲಿ ಕೂರಿಸಿದ್ದೆ. ಏಪ್ರಿಲ್ ಬಿಸಿಲಿಗೆ ಸುರುಟಿಹೋಯಿತು. ಇದಕ್ಕೆ ಮಣ್ಣು ಬೇಕು. ಕಾಡಿನಲ್ಲೂ ಇದು ಹುಲ್ಲಿನ ನಡುವೆ, ದಾರಿಬದಿಯ ದರೆಯಲ್ಲಿ ಬೆಳೆಯುವ ಗಿಡ. 1883ರಲ್ಲಿ ಜ್ವಾಲಾಮುಖಿ ಸಿಡಿದು ಸುಟ್ಟುಹೋದ ಇಂಡೋನೇಷ್ಯಾದ ಕ್ರಾಕಟೋವ ದ್ವೀಪ ಮತ್ತೆ ಹಸಿರಾಗತೊಡಗಿದಾಗ ಅಲ್ಲಿಗೆ ಮೊದಮೊದಲು ಬಂದ ಆರ್ಕಿಡ್‌ಗಳಲ್ಲಿ ಇದೂ ಒಂದು. ಬೀಜ ಧೂಳಿನಷ್ಟು ಹಗುರ, ಗಾಳಿಯಲ್ಲೇ ತೇಲಿ ಹೋಗುತ್ತದೆ.

ಈಗ ನಾನು ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಕೊಪೀಟ್ ಎಂಬ ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು, ಒಂದು ಮುಷ್ಟಿ ಕಳಿತ ಎಲೆಗೊಬ್ಬರ ಬೆರೆಸುತ್ತೇನೆ. ಕುಂಡದ ತಳಕ್ಕೆ ಇಟ್ಟಿಗೆ ಚೂರು. ಎಲೆಯ ಬುಡದಲ್ಲಿರುವ ಗಡ್ಡೆಯನ್ನು ಪೂರ್ತಿ ಹೂಳಬೇಡಿ, ಅರ್ಧ ಮೇಲೇ ಕಾಣುತ್ತಿರಲಿ. ಬೆಳಗಿನ ಬಿಸಿಲು ಮೂರು ನಾಲ್ಕು ತಾಸಾದರೂ ಬೀಳಲಿ. ಎಲೆ ಕಡು ಹಸಿರಾಗಿ ಸೊಂಪಾಗಿದ್ದೂ ಹೂ ಬಾರದಿದ್ದರೆ ಬೆಳಕು ಸಾಲುತ್ತಿಲ್ಲ ಎಂದೇ ತಿಳಿಯಿರಿ. ಗೊಬ್ಬರ ತೆಳ್ಳಗೆ ಕರಗಿಸಿ ಹದಿನೈದು ದಿನಕ್ಕೊಮ್ಮೆ ಹಾಕಿದರೆ ಸಾಕು.

ಮುಂಬಯಿಯ ಸೆಕೆ, ಗಾಳಿಯ ತೇವ ಇದಕ್ಕೆ ಒಗ್ಗುತ್ತದೆ. ಹೆದರಬೇಕಾದ್ದು ಜುಲೈಗೆ. ನಾಲ್ಕು ದಿನ ಬಿಡದೆ ಸುರಿದರೆ ನಿರಿಗೆಗಳ ಸಂದಿನಲ್ಲಿ ನೀರು ನಿಂತು ಎಲೆಗೆ ಕಪ್ಪು ಚುಕ್ಕೆ ಬೀಳುತ್ತದೆ, ಗಡ್ಡೆ ಮೆತ್ತಗಾಗುತ್ತದೆ. ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ, ಗಿಡವನ್ನು ಗೋಡೆಯ ಕಡೆ ಸರಿಸಿ, ಚುಕ್ಕೆ ಬಿದ್ದ ಎಲೆ ಕತ್ತರಿಸಿ ಹಾಕಿ. ರಾತ್ರಿ ಒಮ್ಮೆ ಟಾರ್ಚ್ ಹಿಡಿದು ನೋಡಿ, ಬಸವನಹುಳು ಎಳೆ ಮೊಗ್ಗನ್ನೇ ಹುಡುಕಿಕೊಂಡು ಬರುತ್ತದೆ.

ಹೂ ಉದುರಿದ ಮೇಲೆ ಕಾಯಿ ಕಟ್ಟುತ್ತದೆ, ಆದರೆ ಮನೆಯಲ್ಲಿ ಬೀಜದಿಂದ ಸಸಿ ಮಾಡುವುದು ಕಷ್ಟ. ಮೊಳೆಯಲು ಅದಕ್ಕೆ ಮಣ್ಣಿನ ಶಿಲೀಂಧ್ರದ ಜೊತೆ ಬೇಕು. ಎರಡು ಮೂರು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಗುಂಪನ್ನು ಬಿಡಿಸಿ. ಒಂದೊಂದು ಪಾಲಿಗೆ ಮೂರು ಗಡ್ಡೆಯಾದರೂ ಇರಲಿ, ಒಂಟಿ ಗಡ್ಡೆ ಹೂ ಬಿಡಲು ಬಹಳ ಕಾಲ ಕಾಯಿಸುತ್ತದೆ. ಅತ್ತೆ ಊರಿಗೆ ಹೊರಟಾಗ ಅಂಥದೊಂದು ಪಾಲನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟೆ. ಬಾವಿಕಟ್ಟೆಯ ಪಕ್ಕ, ನೀರು ನಿಲ್ಲದ ಕಡೆ ನೆಟ್ಟಿದ್ದಾರಂತೆ.

ನಮಸ್ಕಾರ.